ಅರೆಶುಷ್ಕ ವಾಯುಗುಣ: ಆ 28 ಯಾಕೆ, ಎರೆಭೂಮಿ ಅದಕ್ಕೆ ಏನು ಉತ್ತರ ಕೊಡುತ್ತದೆ

ಲೋಕದ ವಾಯುಗುಣಗಳನ್ನು ಉಷ್ಣಾಂಶ, ಮಳೆ ನೋಡಿ ಗುಂಪು ಮಾಡುವ ಕೊಪ್ಪೆನ್ ವರ್ಗೀಕರಣದಲ್ಲಿ ಎ, ಸಿ, ಡಿ, ಇ ಗುಂಪುಗಳನ್ನು ಉಷ್ಣಾಂಶ ನೋಡಿಯೇ ಬೇರ್ಪಡಿಸಬಹುದು, ಹಾಗಾಗಿ ಅವನ್ನು ಇಲ್ಲಿ ಬಿಟ್ಟಿದ್ದೇನೆ. ತೊಡಕು ಇರುವುದು ಬಿ ಗುಂಪಿನಲ್ಲಿ, ಅಂದರೆ ಒಣ ವಾಯುಗುಣದಲ್ಲಿ. ಅದರಲ್ಲೂ ಬಿಎಸ್‌ಎಚ್, ಬಿಸಿ ಅರೆಶುಷ್ಕ. ವಿಜಯಪುರ, ಬಳ್ಳಾರಿ, ರಾಯಚೂರು ಬರುವುದು ಇದರಲ್ಲೇ. ಪುಸ್ತಕಗಳು ಇದಕ್ಕೆ ಎರಡು ಸಾಲು ಕೊಟ್ಟು, 'ಮಳೆ ಕಡಿಮೆ, ಬರಪೀಡಿತ' ಎಂದು ಮುಗಿಸುತ್ತವೆ. ಇಷ್ಟು ಕಡಿಮೆ ಮಾತಿಗೆ ಮುಗಿಯುವ ವಾಯುಗುಣ ಇದಲ್ಲ ಅನ್ನುವುದು ನನ್ನ ವಾದ.

ಲೆಕ್ಕ

ಒಂದು ಊರು ಬಿ ಗುಂಪಿಗೆ ಸೇರುತ್ತದೋ ಇಲ್ಲವೋ ಎಂದು ತಿಳಿಯುವ ಲೆಕ್ಕ ಇದು. ಮಿಲಿಮೀಟರ್ ಬಿಟ್ಟು ಸೆಂಟಿಮೀಟರಿನಲ್ಲಿ ಮಾಡಿ, ಬಾಯಿಲೆಕ್ಕವಾಗುತ್ತದೆ. ವರ್ಷದ ಸರಾಸರಿ ಉಷ್ಣಾಂಶವನ್ನು ದುಪ್ಪಟ್ಟು ಮಾಡಿ. ಮಳೆಯಲ್ಲಿ ಶೇ 70 ಅಥವಾ ಹೆಚ್ಚು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ವರ್ಷದ ಬೇಸಿಗೆಯ ಅರ್ಧದಲ್ಲಿ, ಬಿದ್ದರೆ ಅದಕ್ಕೆ 28 ಕೂಡಿಸಿ. ಶೇ 70 ಚಳಿಗಾಲದ ಅರ್ಧದಲ್ಲಿ, ಅಕ್ಟೋಬರ್‌ನಿಂದ ಮಾರ್ಚ್ ಒಳಗೆ, ಬಿದ್ದರೆ ಏನೂ ಕೂಡಿಸಬೇಡಿ. ಎರಡೂ ಅಲ್ಲದಿದ್ದರೆ 14. ಬಂದ ಸಂಖ್ಯೆಯೇ ಗಡಿ. ವರ್ಷದ ಮಳೆ ಗಡಿಗಿಂತ ಹೆಚ್ಚಿದ್ದರೆ ಅದು ಒಣ ವಾಯುಗುಣವಲ್ಲ. ಗಡಿಗೂ ಅದರ ಅರ್ಧಕ್ಕೂ ನಡುವೆ ಇದ್ದರೆ ಅರೆಶುಷ್ಕ, ಅರ್ಧಕ್ಕಿಂತ ಕೆಳಗಿದ್ದರೆ ಮರುಭೂಮಿ. ಸರಾಸರಿ ಉಷ್ಣಾಂಶ 18 ಡಿಗ್ರಿ ಅಥವಾ ಮೇಲಿದ್ದರೆ ಕೊನೆಗೆ 'ಎಚ್'.

ವಿಜಯಪುರ: ಸರಾಸರಿ ಸುಮಾರು 27 ಡಿಗ್ರಿ. ದುಪ್ಪಟ್ಟು 54, ಕೂಡಿಸು 28, ಗಡಿ 82. ಅರ್ಧ 41. ಮಳೆ ಸುಮಾರು 60 ಸೆಂ.ಮೀ. ನಡುವೆ ಬಂತು, ಬಿಎಸ್‌ಎಚ್. ಜೈಸಲ್ಮೇರಿಗೂ ಗಡಿ ಹೆಚ್ಚುಕಡಿಮೆ ಇಷ್ಟೇ, ಆದರೆ ಮಳೆ 41ರ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಮರುಭೂಮಿ. ಬೆಂಗಳೂರು: 24ರ ದುಪ್ಪಟ್ಟು 48, ಗಡಿ 76, ಮಳೆ 95ರ ಮೇಲೆ. ಬಿ ಗುಂಪಿನಿಂದ ಹೊರಗೆ.

ಆ 28ರ ಗಂಟು

ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ ಜಾಗ ಇದು. ಬೇಸಿಗೆಯ ಅರ್ಧದಲ್ಲಿ ಮಳೆ ಬಂದರೆ ಒಳ್ಳೆಯದಲ್ಲವೇ? ಗಿಡ ಬೆಳೆಯುವುದೇ ಆಗ. ಹಾಗಿದ್ದರೆ ಗಡಿಯನ್ನು ಮೇಲಕ್ಕೆ ಏರಿಸಿ ಆ ಊರನ್ನು ಒಣ ಗುಂಪಿಗೆ ತಳ್ಳುವುದೇಕೆ?

ಗಡಿ ಎಂದರೆ ಊರಿಗೆ ಬಂದ ನೀರಲ್ಲ, ಊರಿನ ಹವೆ ಕೇಳುವ ನೀರು. ಸರಾಸರಿ ಉಷ್ಣಾಂಶದ ದುಪ್ಪಟ್ಟು ಆ ಬೇಡಿಕೆಯ ಒರಟು ಅಂದಾಜು. ಆದರೆ ಆವಿಯಾಗುವಿಕೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮೇ ತಿಂಗಳಲ್ಲಿ ನೆಲಕ್ಕೆ ಬಿದ್ದ ಒಂದು ಸೆಂ.ಮೀ. ನೀರು ಎರಡೇ ದಿನದಲ್ಲಿ ಹಾರಿಹೋಗಬಹುದು. ಅಷ್ಟೇ ನೀರು ಡಿಸೆಂಬರಿನಲ್ಲಿ ಬಿದ್ದರೆ ನೆಲದಲ್ಲಿ ಹೆಚ್ಚು ದಿನ ಉಳಿಯುತ್ತದೆ. ಬಿಸಿ ಹೊತ್ತಿನಲ್ಲಿ ಬೀಳುವ ಮಳೆಯಲ್ಲಿ ದೊಡ್ಡ ಪಾಲು ಗಿಡಕ್ಕೆ ಸಿಗುವ ಮೊದಲೇ ಖರ್ಚು. ಆ ಖರ್ಚಿನ ಬಾಬ್ತು ಈ 28. ಚಳಿಗಾಲದ ಮಳೆಗೆ ಖರ್ಚು ಕಡಿಮೆ, ಅದಕ್ಕೆ ಸೊನ್ನೆ.

ಉತ್ತರ ಆಫ್ರಿಕಾದ ಟ್ಯುನಿಸ್ ನಗರದ ಜೊತೆ ಇಟ್ಟು ನೋಡಿದರೆ ಗಂಟು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಸರಾಸರಿ ಸುಮಾರು 19 ಡಿಗ್ರಿ. ಮಳೆ 46 ಸೆಂ.ಮೀ. ಆಸುಪಾಸು, ವಿಜಯಪುರಕ್ಕಿಂತ ಕಡಿಮೆ. ಆದರೆ ಬಹುಪಾಲು ಚಳಿಗಾಲದ್ದು. ಗಡಿ: 38, ಕೂಡಿಸುವುದು ಏನೂ ಇಲ್ಲ. 46 ಅದನ್ನು ದಾಟಿತು. ಹಾಗಾಗಿ ಕಡಿಮೆ ಮಳೆಯ ಟ್ಯುನಿಸ್ ಮೆಡಿಟರೇನಿಯನ್ ವಾಯುಗುಣ, ಆಲಿವ್ ನಾಡು. ಹೆಚ್ಚು ಮಳೆಯ ವಿಜಯಪುರ ಒಣನಾಡು. ಎರಡು ಊರುಗಳ ನಡುವಿನ ಅಂತರ ಮಳೆಯ ಮೊತ್ತದ್ದಲ್ಲ, ಶಾಖ ಮತ್ತು ಹೊತ್ತಿನದು. 'ಮಳೆ ಕಡಿಮೆ ಇರುವ ಕಡೆ ಅರೆಶುಷ್ಕ' ಎಂಬ ವ್ಯಾಖ್ಯೆ ಯಾಕೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸೂತ್ರಕ್ಕೆ ಕಾಣದ ಮಣ್ಣು

ಕೊಪ್ಪೆನ್ ಸಸ್ಯಶಾಸ್ತ್ರವನ್ನೂ ಓದಿದವನು. ಗಡಿಗಳನ್ನು ಸಸ್ಯವರ್ಗ ನೋಡಿಯೇ ಎಳೆದ. ಆದರೆ ಸೂತ್ರದೊಳಗೆ ಮಣ್ಣಿಲ್ಲ. ಬಯಲುಸೀಮೆಯ ಕಥೆ ತಿರುಗುವುದೇ ಮಣ್ಣಿನಲ್ಲಿ.

ಪಶ್ಚಿಮ ಘಟ್ಟ ಹತ್ತುವಾಗ ಮುಂಗಾರು ಗಾಳಿ ತನ್ನ ನೀರನ್ನು ಕರಾವಳಿ, ಮಲೆನಾಡಿಗೆ ಇಳಿಸಿ ಬರುತ್ತದೆ. ಹಾಗಾಗಿ ಜುಲೈನಲ್ಲಿ ಆಗುಂಬೆ ತೋಯುತ್ತಿರುವಾಗ ವಿಜಯಪುರದಲ್ಲಿ ಗಾಳಿ ಜೋರು, ಮಳೆ ಸಾಧಾರಣ. ಇಲ್ಲಿ ಮಳೆಯ ಶಿಖರ ಸೆಪ್ಟೆಂಬರ್. ಉತ್ತರಿ, ಹಸ್ತ ಮಳೆಗಳಿಗೆ ರೈತರು ಕಾಯುವುದು ಅದಕ್ಕೇ. ಎರೆಮಣ್ಣಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಬೇಸಿಗೆಯ ಬಿರುಕುಗಳಲ್ಲಿ ಮೊದಲ ಮಳೆ ನೇರ ಆಳಕ್ಕೆ ಇಳಿಯುತ್ತದೆ. ಆಳವಾದ ಎರೆಭೂಮಿ ಬೆಳೆಗೆ ಸಿಗುವಂಥ 20 ಸೆಂ.ಮೀ. ಆಸುಪಾಸು ನೀರನ್ನು ಹಿಡಿದಿಡಬಲ್ಲದು.

ಈಗ ಮತ್ತೆ 28ಕ್ಕೆ ಬನ್ನಿ. ಬಿಸಿ ಹೊತ್ತಿನ ಮಳೆಗೆ ಅದು ದಂಡ ಅಂದುಕೊಂಡರೆ, ಎರೆಮಣ್ಣು ಆ ದಂಡದ ಒಂದು ಭಾಗವನ್ನು ಉಳಿಸುತ್ತದೆ. ಸೆಪ್ಟೆಂಬರಿನ ನೀರನ್ನು ಆವಿಯಾಗುವಿಕೆ ಕಡಿಮೆ ಇರುವ ಡಿಸೆಂಬರಿಗೆ ದಾಟಿಸುತ್ತದೆ. ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವುದು ಈ ನೀರಿನಲ್ಲೇ. ಮಾಲದಂಡಿ ಜೋಳ ತೆನೆ ಹೊತ್ತು ನಿಲ್ಲುವಾಗ ಮೇಲಿನಿಂದ ಹನಿ ಮಳೆ ಇರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಮಳೆ ನಿಂತು ಎಷ್ಟೋ ವಾರ ಆಗಿರುತ್ತದೆ, ಹೊಲ ಮಾತ್ರ ಹಸಿರು.

ಒಣಹವೆಯಿಂದಲೇ ಸಿಗುವ ಲಾಭವೂ ಇದೆ. ಮುಂಗಾರಿ ಜೋಳ ಮಾಗುವಾಗ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಹಿಂಗಾರಿ ಜೋಳಕ್ಕೆ ಆ ಕಾಟ ಕಡಿಮೆ. ರೊಟ್ಟಿಗೆ ಬೇಕಾದ ಆ ಮುತ್ತಿನಂಥ ಬಿಳಿ ಕಾಳು ಒಣಹವೆಯ ಕೊಡುಗೆ. ವಿಜಯಪುರದಲ್ಲಿ ದ್ರಾಕ್ಷಿಯನ್ನು ನೆರಳಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಲು ಆಗುವುದೂ ಇದೇ ಹವೆಯಿಂದ. ಮಂಗಳೂರಿನ ತೇವದಲ್ಲಿ ಆ ಕೆಲಸ ಕಷ್ಟ.

ಸೆಪ್ಟೆಂಬರ್ ಕೈಕೊಟ್ಟರೆ ಮಾತ್ರ ಈ ಏರ್ಪಾಡಿಗೆ ಆಧಾರವೇ ಇರುವುದಿಲ್ಲ. ಇಲ್ಲಿ ಮಳೆ ವರ್ಷದಿಂದ ವರ್ಷಕ್ಕೆ ತುಂಬ ಏರುಪೇರು. ಬರ ನಿಜ, ಗುಳೆ ನಿಜ. ಈ ವಾಯುಗುಣವನ್ನು ಮೆಚ್ಚುವವರು ಅದನ್ನು ಬದಿಗೆ ಸರಿಸುವಂತಿಲ್ಲ.

ಕೆಂಪುಮಣ್ಣಿನ ಬಿಎಸ್‌ಎಚ್

ಚಳ್ಳಕೆರೆಗೂ ಇದೇ ಮೂರಕ್ಷರ, ಆದರೆ ಮೇಲಿನ ವಿವರಣೆ ಅಲ್ಲಿಗೆ ಹೊಂದುವುದಿಲ್ಲ. ಕೆಂಪುಮಣ್ಣು ನೀರನ್ನು ಅಷ್ಟು ದಿನ ಹಿಡಿದಿಡದು, ಹಾಗಾಗಿ ಬೆಳೆ ಮುಂಗಾರಿನದು, ಶೇಂಗಾ ಮುಖ್ಯ. ಉಳಿದ ನೆಲ ಹುಲ್ಲುಗಾವಲು. 'ಬಿಎಸ್' ಒಳಗಿನ ಎಸ್ ನಿಂತಿರುವುದೇ ಸ್ಟೆಪ್ಪಿಗೆ, ಅಂದರೆ ಹುಲ್ಲುಬಯಲಿಗೆ. ಆದರೂ ನಮ್ಮ ದಾಖಲೆಗಳಲ್ಲಿ ಇಂಥ ಎಷ್ಟೋ ನೆಲ 'ಬಂಜರು' ಪಟ್ಟಿ ಸೇರಿದೆ. ಅದು ನನಗೆ ಸರಿ ಕಾಣುವುದಿಲ್ಲ. ಅಮೃತ ಮಹಲ್ ದನಗಳು ಮೇಯುತ್ತಿದ್ದ ಕಾವಲುಗಳು ಇಂಥ ನೆಲವೇ. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೂ ಬೇಕಾದದ್ದು ಇಂಥ ತೆರೆದ ಬಯಲು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿಗಳೂ ಈ ಹುಲ್ಲನ್ನೇ ಮೇಯುತ್ತವೆ.