ಗುಂಡಿ ಒತ್ತಿದವರು 335 ಜನ, ಸಿಕ್ಕಿಕೊಂಡವರು 5 ಲಕ್ಷ

‘ನನ್ನ ಹತ್ರ ಮುಚ್ಚಿಡೋಕೆ ಏನಿದೆ? ನೋಡುವವರು ನೋಡಲಿ ಬಿಡಿ.’ ಫೇಸ್‌ಬುಕ್, ವಾಟ್ಸಾಪ್ ಬಗ್ಗೆ ಎಚ್ಚರಿಸಿದಾಗ ಜಾಸ್ತಿ ಕೇಳಿಬರುವ ಮಾತು ಇದು. ಇದಕ್ಕೆ 2018ರಲ್ಲೇ ಉತ್ತರ ಸಿಕ್ಕಿತ್ತು. ನಾವು ಅದನ್ನು ಬೇಗ ಮರೆತೆವು.

ಆ ವರ್ಷದ ಮಾರ್ಚ್‌ನಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಬಯಲಾಯಿತು. ಅಲೆಕ್ಸಾಂಡರ್ ಕೋಗನ್ ಎಂಬ ಸಂಶೋಧಕರು ಫೇಸ್‌ಬುಕ್‌ನಲ್ಲಿ ಜನರ ಸ್ವಭಾವ ಅಳೆಯುವ ಒಂದು ಪ್ರಶ್ನೋತ್ತರ ಆಪ್ ಬಿಟ್ಟಿದ್ದರು. ಅದರಿಂದ ಸಿಕ್ಕ ಮಾಹಿತಿ ಚುನಾವಣಾ ಪ್ರಚಾರದ ಕೆಲಸ ಮಾಡುತ್ತಿದ್ದ ಈ ಬ್ರಿಟಿಷ್ ಕಂಪನಿಯ ಕೈ ಸೇರಿತ್ತು. ಭಾರತದಲ್ಲಿ ಆ ಆಪ್ ಹಾಕಿಕೊಂಡವರು ಬರೀ 335 ಜನ. ಆದರೆ ಮಾಹಿತಿ ಸೋರಿರಬಹುದಾದ ಭಾರತೀಯರು 5.62 ಲಕ್ಷ! ಫೇಸ್‌ಬುಕ್ ತಾನೇ ಒಪ್ಪಿಕೊಂಡ ಲೆಕ್ಕ ಇದು. ಇಡೀ ಜಗತ್ತಿನಲ್ಲಿ ಈ ಸಂಖ್ಯೆ 8.7 ಕೋಟಿ ತನಕ ಹೋಯಿತು.

ಇದು ಹೇಗಾಯಿತು? 2007ರಲ್ಲಿ ಫೇಸ್‌ಬುಕ್ ಹೊರಗಿನ ಆಪ್‌ಗಳನ್ನು ಒಳಗೆ ಬಿಟ್ಟುಕೊಂಡಿತು. ಆಗಿನ ವ್ಯವಸ್ಥೆಯಲ್ಲಿ ನೀವೊಬ್ಬರು ‘ಸರಿ’ ಅಂದರೆ ಸಾಕಿತ್ತು. ನಿಮ್ಮ ಜೊತೆಗೆ ನಿಮ್ಮ ಗೆಳೆಯರ ಊರು, ಹುಟ್ಟಿದ ದಿನ, ಲೈಕ್‌ಗಳೂ ಆಪ್‌ನವರಿಗೆ ಸಿಗುತ್ತಿದ್ದವು. ಆ ಗೆಳೆಯರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಈ ದಾರಿ ಹೆಚ್ಚಿನ ಆಪ್‌ಗಳಿಗೆ ಮುಚ್ಚಿದ್ದು 2015ರಲ್ಲಿ. 2019ರಲ್ಲಿ ಅಮೆರಿಕ ಸರ್ಕಾರ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು. ಹೋದ ಮಾಹಿತಿ ವಾಪಸ್ ಬರುವುದಿಲ್ಲ, ಅಲ್ವಾ?

ನಮ್ಮಲ್ಲಿ ಖಾಸಗಿತನದ ಪ್ರಶ್ನೆ ಬೇರೆ ದಾರಿಯಿಂದ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಕೊನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದು ಹೇಳಿತು. ಇಳಿವಯಸ್ಸಿನಲ್ಲಿ ಬೆಂಗಳೂರಿನ ಒಬ್ಬ ಹಿರಿಯರು ಇಡೀ ದೇಶಕ್ಕಾಗಿ ಮಾಡಿದ ಕೆಲಸ ಇದು. ಅವರ ಹೆಸರು ನಮ್ಮ ಶಾಲಾ ಮಕ್ಕಳಿಗೆಲ್ಲ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಕೋರ್ಟು ಹಕ್ಕು ಕೊಟ್ಟರೂ ಫೋನಿನಲ್ಲಿ ಅದು ತಾನಾಗಿ ಬರಲಿಲ್ಲ. ತಮ್ಮ ಫೋಟೊವನ್ನು ಯಾರಾದರೂ ಕದ್ದು ಬಳಸಿಯಾರು ಎಂಬ ಭಯಕ್ಕೆ ನಮ್ಮ ಎಷ್ಟೋ ಹೆಣ್ಣುಮಕ್ಕಳು ಹೂವಿನ ಚಿತ್ರವನ್ನೋ ದೇವರ ಚಿತ್ರವನ್ನೋ ಪ್ರೊಫೈಲಿಗೆ ಹಾಕುತ್ತಿದ್ದರು. 2017ರಲ್ಲಿ ಫೇಸ್‌ಬುಕ್ ಪ್ರೊಫೈಲ್ ಫೋಟೊಗೆ ರಕ್ಷಣೆ ತಂದಿತು. ಇಡೀ ಪ್ರೊಫೈಲಿಗೆ ಬೀಗ ಹಾಕುವ ಸೌಲಭ್ಯ ಇಲ್ಲಿಗೆ ಬಂದದ್ದು 2020ರಲ್ಲಿ. ಬೀಗ ಬಂತು, ಆದರೆ ಹಾಕಿಕೊಳ್ಳುವ ಕೆಲಸ ಮಾತ್ರ ನಮಗೇ ಉಳಿಯಿತು.

ಅದೇ ಹೊತ್ತಿಗೆ 335 ಜನರ ಕತೆ ಇನ್ನೊಂದು ರೂಪದಲ್ಲಿ ಮರುಕಳಿಸಿತು. ಕೋವಿಡ್ ಕಾಲದಲ್ಲಿ ದಿಢೀರ್ ಸಾಲದ ಆಪ್‌ಗಳು ಹುಟ್ಟಿಕೊಂಡವು. ಸಾಲ ಬೇಕಾದರೆ ಕಾಂಟ್ಯಾಕ್ಟ್ಸ್, ಗ್ಯಾಲರಿ ಎಲ್ಲಕ್ಕೂ ಅನುಮತಿ ಕೊಡಬೇಕಿತ್ತು. ಕಂತು ತಪ್ಪಿದರೆ ಅತ್ತೆಗೆ, ಆಫೀಸಿನ ಮೇಲಧಿಕಾರಿಗೆ, ಹಳೆಯ ಗೆಳೆಯರಿಗೆಲ್ಲ ಬೆದರಿಕೆಯ ಕರೆ, ತಿರುಚಿದ ಫೋಟೊ. ಅವಮಾನ ತಾಳಲಾರದೆ ಜೀವ ಕಳೆದುಕೊಂಡವರೂ ಇದ್ದಾರೆ. ಸಾಲದ ಆಪ್‌ಗಳು ಫೋನಿನ ಕಾಂಟ್ಯಾಕ್ಟ್ಸ್, ಫೈಲುಗಳನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು. ಕಾನೂನು ಮೀರಿ ನಡೆಯುವ ಆಪ್‌ಗಳು ನಿಯಮ ಕೇಳುತ್ತವೆಯೇ?

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳು. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಇದರಲ್ಲಿ ಎರಡು ವಿಷಯ ಗಮನಿಸಲೇಬೇಕು. ಒಬ್ಬ ವ್ಯಕ್ತಿ ತನ್ನ ಮನೆಯ, ಸ್ವಂತದ ಬಳಕೆಗಾಗಿ ಇಟ್ಟುಕೊಂಡ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನೀವಾಗಿಯೇ ಎಲ್ಲರಿಗೂ ಕಾಣುವಂತೆ ಹಾಕಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಅಂದರೆ ‘ಪಬ್ಲಿಕ್’ ಅಂತ ಹಾಕಿದ ಪೋಸ್ಟ್ ಈ ಕಾಯ್ದೆಯ ಆಸರೆಯಿಂದಲೇ ಹೊರಗೆ.

ಹಾಗಾಗಿ ಪೋಸ್ಟ್ ಯಾರಿಗೆ ಕಾಣಬೇಕು ಅನ್ನುವ ಆ ಪುಟ್ಟ ಆಯ್ಕೆ ಬಹಳ ದೊಡ್ಡದು. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ‘ಆಪ್ಸ್ ಆ್ಯಂಡ್ ವೆಬ್‌ಸೈಟ್ಸ್’ ಪಟ್ಟಿ ನೋಡಿ. ಯಾವತ್ತೋ ಸುಮ್ನೆ ಆಡಿದ ಆಟ ಇನ್ನೂ ಅಲ್ಲಿರಬಹುದು. ಅದನ್ನು ತೆಗೆದುಹಾಕಿ. ಹೊಸ ಆಪ್ ಕಾಂಟ್ಯಾಕ್ಟ್ಸ್ ಕೇಳಿದರೆ ಅದು ನಿಮ್ಮೊಬ್ಬರದಲ್ಲ, ಅದರಲ್ಲಿರುವ ಅಷ್ಟೂ ಜನರದ್ದು ಎಂದು ನೆನಪಿಟ್ಟುಕೊಂಡು ನಿರ್ಧರಿಸಿ. ವಾಟ್ಸಾಪ್‌ನಲ್ಲಿ ಗ್ರೂಪಿಗೆ ಸೇರಿಸುವ ಅವಕಾಶವನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಬದಲಿಸಿ. ಬೇರೆಯವರ ಮಕ್ಕಳ ಫೋಟೊ ಹಾಕುವ ಮೊದಲು ಅಪ್ಪ ಅಮ್ಮನನ್ನು ಕೇಳಿ.

ಯಾರಾದರೂ ನಿಮ್ಮ ಖಾಸಗಿ ಚಿತ್ರ ಹಾಕಿದರೆ ಅಥವಾ ತಿರುಚಿ ಹಂಚಿದರೆ ಹೆದರಿ ಅಕೌಂಟ್ ಡಿಲೀಟ್ ಮಾಡಬೇಡಿ. ಮೊದಲು ಸ್ಕ್ರೀನ್‌ಶಾಟ್, ಲಿಂಕ್ ಉಳಿಸಿಕೊಳ್ಳಿ. ಆಮೇಲೆ ಆ ಜಾಲತಾಣದ ದೂರು ಅಧಿಕಾರಿಗೆ ಬರೆಯಿರಿ. ಇಂಥ ಚಿತ್ರ ತೆಗೆಯಲು ಕಂಪನಿಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಮೊದಲೇ ಗಡುವು ಹಾಕಿವೆ. ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಹಿಳೆಯರ, ಮಕ್ಕಳ ವಿರುದ್ಧದ ಇಂಥ ಅಪರಾಧಗಳಿಗೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.