ನ್ಯೂಯಾರ್ಕ್ ಸಂವಿಧಾನದಲ್ಲಿ ಲಿಂಗ ಸಮಾನತೆ: 1975ರಲ್ಲಿ ಸೋತದ್ದು 2024ರಲ್ಲಿ ಗೆದ್ದದ್ದು ಹೇಗೆ?

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ಸಂವಿಧಾನವಿದೆ. ನ್ಯೂಯಾರ್ಕ್ 1938ರಲ್ಲಿ ತನ್ನ ಸಂವಿಧಾನಕ್ಕೆ ಸಮಾನತೆಯ ಸೆಕ್ಷನ್ ಸೇರಿಸಿಕೊಂಡಾಗ ಜನಾಂಗ, ಬಣ್ಣ, ಪಂಥ, ಧರ್ಮ ಎಂದು ಪಟ್ಟಿ ಮಾಡಿತು. ಲಿಂಗವನ್ನು ಬಿಟ್ಟಿತು. ಅದು ಒಳಗೆ ಬರಲು 86 ವರ್ಷ ಬೇಕಾಯಿತು.

ಅಲ್ಲಿ ತಿದ್ದುಪಡಿಗೆ ಗವರ್ನರ್ ಸಹಿ ಬೇಕಿಲ್ಲ. ಶಾಸಕಾಂಗದ ಎರಡೂ ಸದನ ಒಪ್ಪಬೇಕು. ನಡುವೆ ಚುನಾವಣೆ ನಡೆದು ಬಂದ ಹೊಸ ಶಾಸಕಾಂಗ ಅದೇ ಪಠ್ಯವನ್ನು ಮತ್ತೆ ಒಪ್ಪಬೇಕು. ಆಮೇಲಷ್ಟೇ ಜನಮತ.

ಇಡೀ ಅಮೆರಿಕದ ಸಂವಿಧಾನಕ್ಕೆ ಲಿಂಗ ಸಮಾನತೆ ಸೇರಿಸಲು ಹೊರಟಿದ್ದ ಒಕ್ಕೂಟದ ಸಮಾನ ಹಕ್ಕುಗಳ ತಿದ್ದುಪಡಿಯನ್ನು ನ್ಯೂಯಾರ್ಕ್ ಶಾಸಕರು 1972ರಲ್ಲೇ ಅನುಮೋದಿಸಿದ್ದರು. ಆದರೆ 1975ರ ನವೆಂಬರ್‌ನಲ್ಲಿ ರಾಜ್ಯದ ಸ್ವಂತ ತಿದ್ದುಪಡಿ ಮತದಾರರ ಮುಂದೆ ಬಂದಾಗ ಬಿದ್ದುಹೋಯಿತು. ಪಕ್ಕದ ನ್ಯೂಜೆರ್ಸಿಯಲ್ಲೂ ಆ ದಿನ ಅದೇ ಫಲಿತಾಂಶ. ವಿಚ್ಛೇದಿತೆಗೆ ಜೀವನಾಂಶ ತಪ್ಪುತ್ತದೆ, ಗಂಡಸರಿಗೂ ಹೆಂಗಸರಿಗೂ ಒಂದೇ ಶೌಚಾಲಯವಾಗುತ್ತದೆ ಎಂಬ ಭಯ ಕೆಲಸ ಮಾಡಿತ್ತು. ಶಾಸಕರ ಮನಸ್ಸೇ ಮತದಾರರ ಮನಸ್ಸೂ ಹೌದೆಂದು ನಂಬಿದರೆ ಹೀಗೇ ಆಗುವುದು.

ಗರ್ಭಪಾತದ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ರದ್ದುಮಾಡಿತು. ಒಂದೇ ವಾರದಲ್ಲಿ, ಜುಲೈ 1ರಂದು, ನ್ಯೂಯಾರ್ಕ್ ಶಾಸಕಾಂಗ ಹೊಸ ತಿದ್ದುಪಡಿಗೆ ಮತ ಹಾಕಿತು. 2023ರ ಜನವರಿಯಲ್ಲಿ ಎರಡನೇ ಸಲ. ಈ ಬಾರಿ ಪಟ್ಟಿ ಉದ್ದವಿತ್ತು: ಜನಾಂಗೀಯ ಹಿನ್ನೆಲೆ, ರಾಷ್ಟ್ರೀಯ ಮೂಲ, ವಯಸ್ಸು, ಅಂಗವೈಕಲ್ಯ, ಲಿಂಗ. ಲಿಂಗದೊಳಗೆ ಲೈಂಗಿಕ ಒಲವು, ಲಿಂಗ ಗುರುತು, ಗರ್ಭಧಾರಣೆ, ಸಂತಾನದ ವಿಚಾರದಲ್ಲಿ ಸ್ವಂತ ನಿರ್ಧಾರ.

ಅವಸರಕ್ಕೆ ಬೆಲೆ ತೆರಬೇಕಾಯಿತು. ತಿದ್ದುಪಡಿಯ ಬಗ್ಗೆ ಅಟಾರ್ನಿ ಜನರಲ್ 20 ದಿನಗಳೊಳಗೆ ಲಿಖಿತ ಅಭಿಪ್ರಾಯ ಕೊಡಬೇಕೆಂದು ಸಂವಿಧಾನ ಹೇಳುತ್ತದೆ. ಶಾಸಕರು ಅದಕ್ಕೆ ಕಾಯದೆ ಮತ ಹಾಕಿದ್ದರು. 2024ರ ಮೇನಲ್ಲಿ ಲಿವಿಂಗ್‌ಸ್ಟನ್ ಕೌಂಟಿಯ ನ್ಯಾಯಾಧೀಶರು ಇದೇ ಕಾರಣಕ್ಕೆ ಪ್ರಸ್ತಾವವನ್ನು ಮತಪತ್ರದಿಂದ ತೆಗೆದುಹಾಕಿದರು. ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ ಸೇರಿಸಿತು. ಆದರೆ ಶಾಸಕರು ಮಾಡಿದ್ದು ಸರಿಯೆಂದಲ್ಲ, ದಾವೆ ಹೂಡಿದ್ದು ತಡವಾಯಿತೆಂದು. ದಾವೆ ಹೂಡಲು ಇದ್ದ ಅವಧಿ ನಾಲ್ಕು ತಿಂಗಳಷ್ಟೇ.

ಮುಂದಿನ ಜಗಳ ಮತಪತ್ರದ ಒಕ್ಕಣೆಯದ್ದು. ಚುನಾವಣಾ ಮಂಡಳಿ ಬರೆದ ಸಾರಾಂಶದಲ್ಲಿ ‘ಗರ್ಭಪಾತ’ ಎಂಬ ಪದವೇ ಇರಲಿಲ್ಲ. ಬೆಂಬಲಿಗರು ಕೋರ್ಟಿಗೆ ಹೋದರೂ ಪದ ಸೇರಲಿಲ್ಲ. ಸಾಲದ್ದಕ್ಕೆ ಇಂಥ ಪ್ರಸ್ತಾವಗಳು ಅಚ್ಚಾಗುವುದು ಹಾಳೆಯ ಹಿಂಬದಿಯಲ್ಲಿ; ‘ಮತಪತ್ರ ತಿರುಗಿಸಿ’ ಎಂದು ಹೇಳುವುದೇ ಪ್ರಚಾರದ ದೊಡ್ಡ ಕೆಲಸವಾಯಿತು. ನವೆಂಬರ್ 5ರಂದು ಹೌದು/ಇಲ್ಲ ಗುರುತಿಸಿದವರಲ್ಲಿ ಸುಮಾರು ಶೇ. 62 ಮಂದಿ ಹೌದೆಂದರು.

2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಸರ್ಕಾರದ ತಾರತಮ್ಯವನ್ನು ನೇರವಾಗಿ ಪ್ರಶ್ನಿಸಬಹುದು. ಖಾಸಗಿ ಕಂಪನಿಗಳ ವಿಷಯ ಬೇರೆ: ಅವುಗಳಿಗೆ ಅನ್ವಯಿಸುವ ಭಾಗ ತಾನಾಗಿ ಜಾರಿಯಾಗದು, ಅದಕ್ಕೊಂದು ಕಾಯ್ದೆ ಬೇಕೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 1949ರಲ್ಲೇ ಹೇಳಿದೆ. ತಾರತಮ್ಯ ನಿವಾರಣೆಗೆಂದೇ ಮಾಡಿದ ಕಾನೂನುಗಳಿಗೆ ಈ ಸೆಕ್ಷನ್ ಅಡ್ಡಿಯಲ್ಲ ಎಂಬ ಉಪವಿಧಿಯೂ ಇದೆ. ಮಹಿಳೆಯರಿಗೆ ವಿಶೇಷ ಸೌಲಭ್ಯ ಕೊಡಲು ಬಿಡುವ ನಮ್ಮ 15(3)ನೇ ವಿಧಿ ಬಲ್ಲವರಿಗೆ ಇದು ಹೊಸದೆನಿಸದು.