ಗೊರಕೆ ನಿಂತಿತು, ಉಸಿರಿನ ಲೆಕ್ಕ ಯಾರು ನೋಡಿದರು?

“ಡಾಕ್ಟರೇ, ಗೊರಕೆ ಪೂರ್ತಿ ನಿಂತಿದೆ. ಮತ್ತೆ ಪರೀಕ್ಷೆ ಯಾಕೆ?” ಕಲಬುರಗಿಯ ನನ್ನ ದಂತ ಚಿಕಿತ್ಸಾಲಯದಲ್ಲಿ ಈ ಪ್ರಶ್ನೆ ಕೇಳದ ತಿಂಗಳಿಲ್ಲ. ಕೇಳುವವರು ಹೆಚ್ಚಾಗಿ ಗೊರಕೆಗೆಂದು ಹಲ್ಲಿನ ಸಾಧನ ಹಾಕಿಸಿಕೊಂಡ ರೋಗಿಯ ಮನೆಯವರು. ವರ್ಷಗಟ್ಟಲೆ ನಿದ್ದೆಗೆಟ್ಟವರು ಅವರೇ; ಅವರ ಸಂತೋಷ ನನಗೆ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮ ಊರಿನಲ್ಲಿ ಒಬ್ಬರ ಗೊರಕೆ ಅಕ್ಕಪಕ್ಕದ ಮಾಳಿಗೆಗಳಿಗೂ ಕೇಳಿಸುತ್ತದೆ. ಆದರೂ ನನ್ನ ಉತ್ತರ ಬದಲಾಗುವುದಿಲ್ಲ: ನಿದ್ದೆಯಲ್ಲಿ ಉಸಿರು ಎಷ್ಟು ಸಲ ಕಟ್ಟುತ್ತದೆ ಎಂದು ನೋಡುವ ಪರೀಕ್ಷೆ ಆಗಲೇಬೇಕು.

ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಸಾಧನವನ್ನು ರೋಗಿಗಳು ಕ್ಲಿಪ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅದು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ದವಡೆಯ ಜೊತೆ ನಾಲಿಗೆಯೂ ಮುಂದೆ ಬಂದು ಗಂಟಲಿನ ದಾರಿ ತೆರೆದುಕೊಳ್ಳುತ್ತದೆ. ಸ್ಲೀಪ್ ಅಪ್ನಿಯ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ, ಸೌಮ್ಯ ಅಥವಾ ಮಧ್ಯಮ ಪ್ರಮಾಣದಲ್ಲಿರುವವರಿಗೆ, ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಒಗ್ಗದವರಿಗೆ ಇದು ಒಳ್ಳೆಯ ದಾರಿ. ತೀವ್ರವಾಗಿದ್ದರೆ ಮೊದಲು ಸಿಪ್ಯಾಪ್ ಪ್ರಯತ್ನಿಸಿ ಎಂದೇ ಹೇಳುತ್ತೇನೆ. ಮಿದುಳಿನಿಂದಲೇ ಉಸಿರಾಟದ ಸೂಚನೆ ತಪ್ಪುವ ಬಗೆಯ ಅಪ್ನಿಯಕ್ಕೆ ಕ್ಲಿಪ್ ಉಪಯೋಗವಿಲ್ಲ. ಅದನ್ನೆಲ್ಲ ನಿದ್ರಾ ತಜ್ಞರು ನಿರ್ಧರಿಸುತ್ತಾರೆ.

ಈಗ ಗೊರಕೆಯ ವಿಷಯ. ಇಕ್ಕಟ್ಟಾದ ಗಂಟಲಿನಲ್ಲಿ ಗಾಳಿ ನುಗ್ಗುವಾಗ ಮೆತ್ತನೆಯ ಭಾಗಗಳು ಅದುರುತ್ತವೆ, ಆ ಸದ್ದೇ ಗೊರಕೆ. ಸದ್ದು ಬರಬೇಕಾದರೆ ಗಾಳಿ ಹರಿಯುತ್ತಿರಬೇಕು. ಗಂಟಲು ಪೂರ್ತಿ ಮುಚ್ಚಿಕೊಂಡಾಗ ಸದ್ದೇ ಇರುವುದಿಲ್ಲ! ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಎದೆ ಒದ್ದಾಡುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ರೋಗಿಗೆ ಎಚ್ಚರವಾದ ನೆನಪೂ ಉಳಿಯುವುದಿಲ್ಲ. “ಸದ್ಯ, ಸುಮ್ಮನಾದರು” ಎಂದು ಮನೆಯವರು ಮಗ್ಗುಲು ಬದಲಿಸುವ ಗಳಿಗೆಯೇ ನಾವು ಎಣಿಸುವ ಗಳಿಗೆ. ಕ್ಲಿಪ್ ಹಾಕಿದ ಮೇಲೆ ಸದ್ದು ಬೇಗ ತಗ್ಗಬಹುದು. ಉಸಿರು ಕಟ್ಟುವುದೂ ಅಷ್ಟೇ ತಗ್ಗಿದೆ ಎಂದು ಕಿವಿಯಿಂದ ಹೇಳಲು ಬರುವುದಿಲ್ಲ. ಕ್ಲಿಪ್ ಹಾಕಿಕೊಂಡೇ ಮಲಗಿ, ಉಪಕರಣ ಕಟ್ಟಿ, ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು, ಎಷ್ಟು ಸಲ ಕುಗ್ಗಿತು ಎಂದು ಎಣಿಸಬೇಕು. ಐದರೊಳಗೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಯಾದಗಿರಿ ಕಡೆಯ ಲಾರಿ ಚಾಲಕರೊಬ್ಬರಿಗೆ ಮೊದಲ ಪರೀಕ್ಷೆಯಲ್ಲಿ 24 ಬಂದಿತ್ತು. ರಾತ್ರಿಯೆಲ್ಲ ರಸ್ತೆಬದಿಯ ಲಾರಿಯಲ್ಲಿ ಮಲಗುವವರು ಸಿಪ್ಯಾಪ್ ಯಂತ್ರವನ್ನು ಯಾವ ಕರೆಂಟಿಗೆ ಹಾಕಬೇಕು? ಕ್ಲಿಪ್ ಮಾಡಿಕೊಟ್ಟೆ. ಮೂರು ವಾರದಲ್ಲಿ ಗೊರಕೆ ನಿಂತಿತು, ಅವರೂ ಬರುವುದನ್ನು ನಿಲ್ಲಿಸಿದರು. ನಾಲ್ಕು ತಿಂಗಳ ಮೇಲೆ ಹೆಂಡತಿ ಕರೆದುಕೊಂಡು ಬಂದರು. ಶಹಾಪುರದ ಹತ್ತಿರ ಚಹಾಕ್ಕೆಂದು ಲಾರಿ ನಿಲ್ಲಿಸಿದವರು ಸ್ಟೀರಿಂಗ್ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಕ್ಲೀನರ್ ಅಲುಗಾಡಿಸಿದರೂ ಬೇಗ ಏಳಲಿಲ್ಲವಂತೆ. ಗಾಡಿ ನಿಂತಿತ್ತು ಎಂಬುದೊಂದೇ ಪುಣ್ಯ. ನಾನು ಆ ದಿನ ಅವರನ್ನು ಬೈದೆ.

ಕ್ಲಿಪ್ ಹಾಕಿಕೊಂಡು ಪರೀಕ್ಷೆ ಮಾಡಿಸಿದಾಗ 17 ಬಂತು. ಗೊರಕೆ ಇಲ್ಲ, ಆದರೂ 17. ಕ್ಲಿಪ್‌ನ ಎರಡು ಬದಿಗೂ ಸಣ್ಣ ತಿರುಪು ಇರುತ್ತದೆ. ಬೆಂಕಿಕಡ್ಡಿಯಷ್ಟು ತೆಳುವಾದ ಕೀಲಿಯಿಂದ ಒಮ್ಮೆ ತಿರುಗಿಸಿದರೆ ಕೆಳದವಡೆ ಕಾಲು ಮಿಲಿಮೀಟರ್ ಮುಂದೆ ಸರಿಯುತ್ತದೆ. ದವಡೆಯ ಕೀಲು ನೋಯದ ಹಾಗೆ ಕೆಲವು ವಾರಗಳಲ್ಲಿ ಎಂಟು ಸಲ ತಿರುಗಿಸಿದೆವು. ಮೂರನೆಯ ಪರೀಕ್ಷೆಯಲ್ಲಿ 6. ಆಮ್ಲಜನಕದ ಗೆರೆ ಮೊದಲು ಗರಗಸದ ಹಲ್ಲಿನಂತಿತ್ತು, ಈಗ ನಮ್ಮ ಎರೆಹೊಲದಷ್ಟು ಸಪಾಟು. ಅವರು ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಎಲ್ಲರಿಗೂ ಇಷ್ಟು ಚೆನ್ನಾಗಿ ಫಲಿಸುತ್ತದೆ ಎನ್ನಲಾರೆ. ಎಷ್ಟು ಸರಿಸಿದರೂ ಸಂಖ್ಯೆ ಇಳಿಯದವರಿದ್ದಾರೆ. ಅವರನ್ನು ತಜ್ಞರ ಬಳಿಗೆ ವಾಪಸ್ ಕಳಿಸುತ್ತೇನೆ. ಗುಟ್ಕಾದಿಂದ ಬಾಯಿ ಎರಡು ಬೆರಳಿನಷ್ಟೂ ತೆರೆಯದವರಿಗೆ ಅಳತೆ ತೆಗೆಯುವುದೇ ಕಷ್ಟ. ಹಲ್ಲು ಅಲುಗಾಡುವವರಿಗೆ ಮೊದಲು ವಸಡಿನ ಚಿಕಿತ್ಸೆ ಆಗಬೇಕು. ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಅಗ್ಗದ ಕ್ಲಿಪ್ ಮೊಬೈಲಿನಲ್ಲಿ ತರಿಸಿಕೊಂಡವರು ದಯವಿಟ್ಟು ಅದನ್ನು ಚಿಕಿತ್ಸೆ ಎಂದುಕೊಳ್ಳಬೇಡಿ.

ಇನ್ನೊಂದು ದೂರು ರೊಟ್ಟಿಯದು. ಬೆಳಿಗ್ಗೆ ಕ್ಲಿಪ್ ತೆಗೆದ ಕೂಡಲೇ ಹಿಂಬದಿಯ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ, ಖಡಕ್ ರೊಟ್ಟಿ ಅಗಿಯಲು ಬರುವುದಿಲ್ಲ. ಹೇಳಿಕೊಟ್ಟ ದವಡೆಯ ವ್ಯಾಯಾಮ ಮಾಡಿದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ವರ್ಷಗಳು ಕಳೆದಂತೆ ಹಲ್ಲುಗಳು ತುಸು ಸರಿಯುವುದೂ ಉಂಟು, ಅದಕ್ಕೇ ಆಗಾಗ ತೋರಿಸಬೇಕು. ಮಧ್ಯಾಹ್ನದ ರೊಟ್ಟಿಗೂ ಹಲ್ಲು ಕೂಡದಿದ್ದರೆ ಅದೇ ವಾರ ಬನ್ನಿ. ಬರುವಾಗ ಕ್ಲಿಪ್ಪನ್ನೂ ಹಳೆಯ ವರದಿಯನ್ನೂ ಜೊತೆಗೆ ತನ್ನಿ.